ವಾರಕ್ಕೊಮ್ಮೆ ಮಾತ್ರ ಮಗಳನ್ನು ನೋಡುತ್ತೇನೆ. ಎತ್ತಿಕೊಂಡರೆ ಅಳುತ್ತಾಳೆ. ಅವಳಿಗೆ ಹತ್ತಿರವಾಗೋದು ಹೇಗೆ?

ಹೆಂಡತಿ ತವರಲ್ಲಿ ಬಾಣಂತನಕ್ಕೆ ಇದ್ದಾರೆ, ನೀವು ಶನಿವಾರ ರಾತ್ರಿ ಹೋಗಿ ಭಾನುವಾರ ಬೆಂಗಳೂರಿಗೆ ವಾಪಸ್. ಮಗಳಿಗೆ 23 ದಿನ. ನೀವು ಎತ್ತಿಕೊಂಡರೆ ಅಳುತ್ತಾಳೆ, ಅತ್ತೆ ಎತ್ತಿಕೊಂಡರೆ ಸುಮ್ಮನಾಗುತ್ತಾಳೆ. 'ನಾನು ಅವಳಿಗೆ ಬೇಡವೇನೋ' ಅಂತ ಬರೆದಿದ್ದೀರಿ. ಆ ಸಾಲು ಓದಿ ಸಂಕಟವಾಯಿತು, ಅದಕ್ಕೇ ಉತ್ತರ ಬರೆಯಲು ಕೂತೆ. ನವಜಾತ ಶಿಶುಗಳ ವಾರ್ಡಿನಲ್ಲಿ 11 ವರ್ಷದಿಂದ ನರ್ಸ್ ಆಗಿದ್ದೇನೆ.

ಇಷ್ಟು ಚಿಕ್ಕ ಮಗುವಿಗೆ ಯಾರೂ ಬೇಡ ಅಂತ ಇರಲ್ಲ. ಅದಕ್ಕೆ ಗೊತ್ತಾಗೋದು ಹಿಡಿತ, ವಾಸನೆ, ಧ್ವನಿ. ಅತ್ತೆಯ ಕೈ ಪಳಗಿದ ಕೈ. ನಿಮ್ಮದು ಎಲ್ಲಿ ಬೀಳಿಸಿಬಿಡ್ತೀನೋ ಅನ್ನೋ ಭಯದಲ್ಲಿ ಬಿಗಿಯಾಗಿರುತ್ತೆ. ಜೊತೆಗೆ ಅಮ್ಮನ ಧ್ವನಿಯನ್ನು ಮಗು ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿರುತ್ತೆ. ಚೀಪುವ ರೀತಿಗೆ ತಕ್ಕಂತೆ ಕೇಳುವ ಧ್ವನಿ ಬದಲಾಗುವ ಪ್ರಯೋಗವೊಂದರಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಮಕ್ಕಳು ಚೀಪುವ ರೀತಿಯನ್ನೇ ಬದಲಿಸಿಕೊಂಡು ತಮ್ಮ ಅಮ್ಮನ ಧ್ವನಿಯನ್ನು ಆರಿಸಿಕೊಂಡವು ಅಂತ ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲೇ ತೋರಿಸಿದ್ದರು. ಅಪ್ಪನ ಧ್ವನಿಯ ಮೇಲೆ ಅಂಥ ಒಲವು ಆಮೇಲಿನ ಪ್ರಯೋಗದಲ್ಲಿ ಕಾಣಲಿಲ್ಲ. ಇದಕ್ಕೆ ಬೇಜಾರಾಗಬೇಡಿ. ಅಮ್ಮ ತಿಂಗಳುಗಟ್ಟಲೆ ಮುಂದಿದ್ದಾರೆ, ನೀವು ಈಗ ಶುರು ಮಾಡ್ತಿದ್ದೀರಿ, ಅಷ್ಟೇ.

ನನ್ನ ಅನುಮಾನ, ನಿಮ್ಮ ತೊಂದರೆ ಇರೋದು ಹೊತ್ತಿನಲ್ಲಿ. ಬಸ್ಸಿಳಿದು ರಾತ್ರಿ ಹತ್ತಕ್ಕೆ ಮನೆ ಸೇರ್ತೀರಿ, ವಾರದ ಆಸೆಯೆಲ್ಲ ಸೇರಿ ತೊಟ್ಟಿಲಿಂದ ಎತ್ತಿಕೊಳ್ತೀರಿ. ಆಗ ಅವಳು ಅರೆನಿದ್ದೆಯಲ್ಲಿರ್ತಾಳೆ, ಇಲ್ಲವೇ ಹಸಿದಿರ್ತಾಳೆ. ಯಾರು ಎತ್ತಿದರೂ ಅಳುವ ಹೊತ್ತದು. ಅಮೆರಿಕದ ಮಕ್ಕಳ ವೈದ್ಯ ಬ್ರಾಝೆಲ್ಟನ್ 1973ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ ನವಜಾತ ಶಿಶುವಿಗೆ ಆರು ಸ್ಥಿತಿ ಗುರುತಿಸಿದ್ದಾರೆ: ಗಾಢ ನಿದ್ದೆ, ಹಗುರ ನಿದ್ದೆ, ತೂಕಡಿಕೆ, ಶಾಂತ ಎಚ್ಚರ, ಕಿರಿಕಿರಿ, ಅಳು. ನಿಮಗೆ ಬೇಕಾದ್ದು ಶಾಂತ ಎಚ್ಚರ. ಕಣ್ಣು ಹೊಳೀತಿರುತ್ತೆ, ಕೈಕಾಲು ಹೆಚ್ಚು ಆಡಲ್ಲ. ಈ ವಯಸ್ಸಿನಲ್ಲಿ ಅದು ಕೆಲವೇ ನಿಮಿಷ, ಹೆಚ್ಚಾಗಿ ಹಾಲು ಕುಡಿದು ಬಟ್ಟೆ ಬದಲಿಸಿದ ಮೇಲೆ ಬರುತ್ತೆ.

ಆಗ ನಿಮ್ಮ ಮುಖ ಅವಳಿಂದ 20–30 ಸೆಂಟಿಮೀಟರ್ ದೂರದಲ್ಲಿರಲಿ. ಅವಳಿಗೆ ಚೆನ್ನಾಗಿ ಕಾಣೋದು ಅಷ್ಟೇ ದೂರ, ಎದೆಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು. ಒಂದೆರಡು ಮಾತಾಡಿ, ಸುಮ್ಮನಾಗಿ, ಕಾಯಿರಿ. ಈ ಕಾಯೋದನ್ನೇ ಎಲ್ಲರೂ ಬಿಡ್ತಾರೆ. ಹುಬ್ಬು ಏರುತ್ತೆ, ತುಟಿ ಅಲ್ಲಾಡುತ್ತೆ, ಕಾಲು ಒದೆಯುತ್ತೆ. ಅದು ಅವಳ ಸರದಿ. ಮುಖ ತಿರುಗಿಸಿದರೆ, ಆಕಳಿಸಿದರೆ, ಬೆರಳು ಅಗಲಿಸಿದರೆ ಸಾಕಾಯ್ತು ಅಂತ ಅರ್ಥ. ಆ ಕಡೆಗೆ ಬಗ್ಗಿ ಚಿಟಿಕೆ ಹೊಡೆಯಬೇಡಿ, ಸ್ವಲ್ಪ ಬಿಟ್ಟುಬಿಡಿ, ತಾನೇ ತಿರುಗ್ತಾಳೆ. ಕೈಯನ್ನು ಬಾಯಿಗೆ ಒಯ್ದು, ತಲೆ ಆಚೀಚೆ ಹೊರಳಿಸಿ ಹುಡುಕಿದರೆ ಹಸಿವು. ಅಳು ಬರೋದು ಎಲ್ಲದರ ಕೊನೆಗೆ. ಅಷ್ಟರೊಳಗೆ ನೀವೇ ಗಮನಿಸಿ ಅಮ್ಮನ ಮಡಿಲಿಗೆ ಕೊಟ್ಟರೆ, ಅವಳ ಮಾತು ನಿಮಗೆ ಅರ್ಥವಾಯಿತು ಅಂತಲೇ.

ಇನ್ನೊಂದು, ಎದೆಗೆ ಎದೆ. ಕಾಂಗರೂ ಆರೈಕೆ ಅಂತ ಕೇಳಿರ್ತೀರಿ, ಮಗುವನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ಮಲಗಿಸಿಕೊಳ್ಳೋದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಎಡ್ಗರ್ ರೇ ಅನ್ನೋ ವೈದ್ಯರು ಕಡಿಮೆ ತೂಕದ ಮಕ್ಕಳಿಗಾಗಿ ಶುರು ಮಾಡಿದ್ದು; ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿದ್ದಾರೆ. ನಮ್ಮ ವಾರ್ಡಿಗೆ ಒಮ್ಮೆ 1.7 ಕೆ.ಜಿ.ಯ ಮಗು ಬಂತು. ತಾಯಿಗೆ ಬಿ.ಪಿ. ಏರಿ ಐ.ಸಿ.ಯು.ನಲ್ಲಿದ್ದರು. ಅಪ್ಪ ರೈತರು, ಮಗುವನ್ನು ಮುಟ್ಟೋಕೂ ಹೆದರ್ತಿದ್ದರು. ಅಂಗಿ ಬಿಚ್ಚಿಸಿ ಎದೆಯ ಮೇಲೆ ಮಲಗಿಸಿದೆವು. ಏನು ಮಾತಾಡಲಿ ಸಿಸ್ಟರ್ ಅಂದರು. ಏನಾದರೂ ಅಂದೆ. ಮೆಕ್ಕೆಜೋಳದ ರೇಟು, ಕೈಕೊಟ್ಟ ಬೋರ್‌ವೆಲ್ಲು, ಎಲ್ಲ ಮಗಳಿಗೆ ಹೇಳ್ತಾ ಕೂತರು. ಎರಡು ದಿನ ಕಳೆದ ಮೇಲೆ ಅವರ ಎದೆಗೆ ಒರಗಿದ ಸ್ವಲ್ಪ ಹೊತ್ತಿಗೇ ಮಗುವಿನ ಉಸಿರು ಹದಕ್ಕೆ ಬರೋದನ್ನು ಮಾನಿಟರ್‌ನಲ್ಲಿ ನಾನೇ ನೋಡಿದ್ದೇನೆ.

ತೂಕ ಸರಿಯಿರುವ ಮಗುವಿಗೂ ಇದು ಹಿತ. ಕೈ ತೊಳೆದು, ಅಂಗಿ ತೆಗೆದು, ಕುರ್ಚಿಯಲ್ಲಿ ಒರಗಿ ಕೂತುಕೊಳ್ಳಿ. ಮಗುವಿಗೆ ಕುಲಾವಿ, ಲಂಗೋಟಿ ಸಾಕು. ತಲೆ ಒಂದು ಪಕ್ಕಕ್ಕೆ, ಮೂಗು ಬಾಯಿ ಬಯಲಾಗಿ, ಬೆನ್ನ ಮೇಲೆ ಹೊದಿಕೆ. ನೀವು ಮಾತ್ರ ನಿದ್ದೆ ಹೋಗಬಾರದು. ನೆಗಡಿ ಕೆಮ್ಮು ಇದ್ದ ವಾರ ಬೇಡ.

ಗಂಡಸರು ಬಾಣಂತಿ ಕೋಣೆಗೆ ಬರಬಾರದು, ಎತ್ತಿ ಎತ್ತಿ ಕೈ ಅಭ್ಯಾಸ ಮಾಡಬೇಡಿ ಅಂತ ಮನೆಯವರು ಅನ್ನಬಹುದು. ಮೊದಲ ತಿಂಗಳುಗಳಲ್ಲಿ ಎತ್ತಿಕೊಂಡರೆ ಮಗು ಕೆಡಲ್ಲ. ಆದರೆ ವಾದ ಬೇಡ. 'ಅತ್ತೆ, ಬಟ್ಟೆ ಸುತ್ತೋದು ನನಗೂ ಹೇಳಿಕೊಡಿ' ಅನ್ನಿ. ಹೀಗೆ ಕೇಳಿದ ಅಳಿಯನನ್ನು ಹೊರಗೆ ಕಳಿಸಿದ ಅತ್ತೆಯನ್ನು ನಾನು ಕಂಡಿಲ್ಲ.

ಅಳು ಸುಮಾರು ಆರನೇ ವಾರದವರೆಗೆ ಹೆಚ್ಚುತ್ತೆ, ನಿಮ್ಮ ತಪ್ಪು ಅಂದುಕೊಳ್ಳಬೇಡಿ. ಆದರೆ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಹಾಲು ಬಿಟ್ಟರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ. ಹೆಂಡತಿಯನ್ನೂ ವಿಚಾರಿಸಿ. ಎರಡು ವಾರ ದಾಟಿದರೂ ಅವರ ದುಃಖ ಇಳಿದಿಲ್ಲ ಅಂದರೆ ಅವರಿಗೂ ವೈದ್ಯರು ಬೇಕು.

ಈ ಶನಿವಾರ ಹೋದಾಗ ಮಗುವನ್ನು ಎಬ್ಬಿಸಬೇಡಿ. ನಸುಕಿನಲ್ಲಿ ಹಾಲು ಕುಡಿಸಿದ ಮೇಲೆ ತೇಗು ಬರಿಸೋ ಕೆಲಸ ನೀವು ತಗೊಳ್ಳಿ. ಹೆಗಲ ಮೇಲೆ ಅವಳ ಕಿವಿ ನಿಮ್ಮ ಬಾಯಿಗೆ ಹತ್ತಿರವೇ ಇರುತ್ತೆ. ಬಸ್ಸಲ್ಲಿ ಸೀಟು ಸಿಕ್ಕಿತೋ ಇಲ್ಲವೋ, ಅಲ್ಲಿಂದಲೇ ಶುರು ಮಾಡಿ.