ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೆ ಇನ್ಸುಲಿನೋಮಾ ಇಲ್ಲ ಅಂತಾನಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಅಕ್ಕನಿಗೆ ಬೆಳಗಿನ ಜಾವ ಮೈಯೆಲ್ಲಾ ಬೆವರುತ್ತದೆ, ಮಾತು ತೊದಲುತ್ತದೆ, ಮನೆಯವರನ್ನೇ ಗುರುತಿಸುವುದಿಲ್ಲ, ಸಕ್ಕರೆ ನೀರು ಕುಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತಾರೆ. ಫಿಟ್ಸ್ ಮಾತ್ರೆಯಿಂದ ಏನೂ ಪ್ರಯೋಜನ ಆಗಿಲ್ಲ. ಈಗ ಒಬ್ಬ ಡಾಕ್ಟರ್ ಇನ್ಸುಲಿನೋಮಾ ಇರಬಹುದು ಅಂದಿದ್ದಾರೆ, ಆದರೆ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ಹಾಗಾದರೆ ಗಡ್ಡೆ ಇಲ್ಲ ಅಂತಾನಾ ಅಂತ ಕೇಳಿದ್ದೀರಿ.

ಇಲ್ಲ, ಹಾಗಲ್ಲ. ನನಗೂ ಇದೇ ಗಡ್ಡೆ ಇತ್ತು, ನನ್ನ ಮೊದಲ ಸ್ಕ್ಯಾನ್‌ನಲ್ಲೂ ಏನೂ ಕಂಡಿರಲಿಲ್ಲ. ನಾನು ಡಾಕ್ಟರ್ ಅಲ್ಲ, ಈ ಕಾಯಿಲೆ ಅನುಭವಿಸಿ ಆಪರೇಷನ್ ಮಾಡಿಸಿಕೊಂಡು ಹೊರಗೆ ಬಂದವನು. ನಿಮಗೆ ಒಂದೇ ಮಾತು ಹೇಳಬೇಕು ಅಂದರೆ, ಮೊದಲು ರಕ್ತದಲ್ಲಿ ಸಾಬೀತು ಮಾಡಿಸಿ, ಗಡ್ಡೆ ಹುಡುಕುವುದು ಆಮೇಲೆ. ಬಹಳ ಜನ ಇದನ್ನು ಉಲ್ಟಾ ಮಾಡಿ, ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ ಸೋತುಹೋಗುತ್ತಾರೆ.

ಇನ್ಸುಲಿನೋಮಾ ಅಂದರೆ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ಇನ್ಸುಲಿನ್ ತಯಾರಿಸುವ ಕಣಗಳಿಂದಲೇ ಬೆಳೆಯುವ ಗಡ್ಡೆ. ಅದು ಬೇಡದ ಹೊತ್ತಿನಲ್ಲೂ ಇನ್ಸುಲಿನ್ ಬಿಟ್ಟು ರಕ್ತದ ಶುಗರ್ ಇಳಿಸಿಬಿಡುತ್ತದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಜನರಿಗೆ ಬರುವಂಥದ್ದು, ಅಷ್ಟು ಅಪರೂಪ. ಹಾಗಾಗಿ ಇದನ್ನು ಫಿಟ್ಸ್ ಅಂತಲೋ ಮಾನಸಿಕ ಸಮಸ್ಯೆ ಅಂತಲೋ ವರ್ಷಗಟ್ಟಲೆ ಅಂದುಕೊಂಡುಬಿಡುವುದು ತುಂಬಾ ಸಾಮಾನ್ಯ. ಸುಮಾರು 90 ಶೇಕಡಾ ಗಡ್ಡೆಗಳು 2 ಸೆಂಟಿಮೀಟರ್‌ಗಿಂತ ಚಿಕ್ಕವು. ಅದಕ್ಕೇ ಸಿಟಿಯಲ್ಲಿ ತಪ್ಪಿಸಿಕೊಳ್ಳುತ್ತವೆ. ಸಮಾಧಾನದ ಸಂಗತಿ ಏನು ಗೊತ್ತಾ, ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲ. ಪ್ಯಾಂಕ್ರಿಯಾಸ್ ಗಡ್ಡೆ ಅಂದ ತಕ್ಷಣ ನೆಟ್‌ನಲ್ಲಿ ಸಿಗುವ ಭಯಾನಕ ಲೇಖನಗಳು ಬೇರೆ ಕಾಯಿಲೆಯವು, ಅವನ್ನು ಓದಲೇಬೇಡಿ.

ಇನ್ನೊಂದು ವಿಷಯ. ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. 1929ರಲ್ಲಿ ಅದೇ ಊರಿನಲ್ಲಿ ರಾಸ್ಕೋ ಗ್ರಹಾಂ ಎಂಬ ಸರ್ಜನ್ ಇಂಥ ಗಡ್ಡೆ ತೆಗೆದು ರೋಗಿಯನ್ನು ಗುಣಪಡಿಸಿದರು. ಆಗ ಸಿಟಿ ಎಲ್ಲಿತ್ತು, ಎಂಆರ್‌ಐ ಎಲ್ಲಿತ್ತು? ಮುಂದೆ ಅಲೆನ್ ವಿಪ್ಪಲ್ ಎಂಬ ಸರ್ಜನ್ ಮೂರು ಗುರುತು ಹೇಳಿದರು: ಶುಗರ್ ಇಳಿದ ಲಕ್ಷಣ ಇರಬೇಕು, ಆ ಹೊತ್ತಿನಲ್ಲೇ ರಕ್ತದಲ್ಲಿ ಶುಗರ್ ನಿಜಕ್ಕೂ ಕಡಿಮೆ ಇರಬೇಕು, ಗ್ಲೂಕೋಸ್ ಕೊಟ್ಟರೆ ಸರಿಹೋಗಬೇಕು. ಇವತ್ತಿಗೂ ಡಾಕ್ಟರುಗಳು ಶುರು ಮಾಡುವುದು ಇಲ್ಲಿಂದಲೇ. ನಿಮ್ಮ ಅಕ್ಕನ ವಿಷಯದಲ್ಲಿ ಮೊದಲನೆಯದು ಮತ್ತು ಮೂರನೆಯದು ನೀವೇ ಬರೆದಿದ್ದೀರಿ. ಮಧ್ಯದ್ದು ಬಾಕಿ. ಮನೆಯ ಗ್ಲೂಕೋಮೀಟರ್ ಸಾಲದು, ಶುಗರ್ ತೀರಾ ಕೆಳಗಿರುವಾಗ ಅದರ ಲೆಕ್ಕ ನಂಬಲಾಗುವುದಿಲ್ಲ. ರಕ್ತನಾಳದಿಂದ ತೆಗೆದು ಲ್ಯಾಬ್‌ನಲ್ಲಿ ನೋಡಿಸಬೇಕು.

ಅದಕ್ಕೆ ಇರುವುದೇ 72 ಗಂಟೆಯ ಉಪವಾಸ ಪರೀಕ್ಷೆ. ಎಂಡೋಕ್ರೈನಾಲಜಿ ಡಾಕ್ಟರ್, ಅಂದರೆ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿ, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿಯೇ ಮಾಡಿಸಬೇಕು, ಮನೆಯಲ್ಲಿ ಸುಮ್ನೆ ಉಪವಾಸ ಕೂರಿಸಿ ನೋಡುವ ಕೆಲಸ ಖಂಡಿತ ಮಾಡಬೇಡಿ. ನೀರು ಕುಡಿಯಬಹುದು, ಊಟ ಇಲ್ಲ. ಕೆಲವು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ, ಶುಗರ್ ಇಳಿಯುತ್ತಾ ಬಂದ ಹಾಗೆ ಇನ್ನೂ ಬೇಗ ಬೇಗ. ನನ್ನ ಪರೀಕ್ಷೆಯಲ್ಲಿ ತಲೆ ಸರಿಯಾಗಿ ಓಡುತ್ತಿದೆಯಾ ನೋಡಲು ನಡುನಡುವೆ ನರ್ಸ್ ಬಂದು ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅನ್ನುತ್ತಿದ್ದರು. ತೊಂಬತ್ತಮೂರು, ಎಂಬತ್ತಾರು ಅಂತ ಸಲೀಸಾಗಿ ಹೇಳುತ್ತಿದ್ದವನು ರಾತ್ರಿ ಹೊತ್ತಿಗೆ ತೊಂಬತ್ತಮೂರರಲ್ಲೇ ನಿಂತುಬಿಟ್ಟೆ. ಉತ್ತರ ತಲೆಯಲ್ಲಿದೆ ಅನ್ನಿಸುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆ ಕ್ಷಣದಲ್ಲೇ ರಕ್ತ ತೆಗೆದು ಉಪವಾಸ ನಿಲ್ಲಿಸಿದರು. ಹೆಚ್ಚಿನವರಿಗೆ 72 ಗಂಟೆ ಪೂರ್ತಿ ಬೇಕಾಗುವುದಿಲ್ಲ, 48 ಗಂಟೆಯೊಳಗೇ ಗೊತ್ತಾಗುತ್ತದೆ.

ಆ ಕೊನೆಯ ರಕ್ತದಲ್ಲೇ ಎಲ್ಲಾ ಉತ್ತರ ಇರುವುದು. ಆರೋಗ್ಯವಂತರಲ್ಲಿ ಶುಗರ್ ಇಳಿದರೆ ಇನ್ಸುಲಿನ್ ನಿಂತುಹೋಗುತ್ತದೆ, ದೇಹ ಕೊಬ್ಬು ಕರಗಿಸಿಕೊಳ್ಳುತ್ತದೆ, ಆ ಕೊಬ್ಬಿನಿಂದ ಬರುವ ಕೀಟೋನ್ ಎಂಬ ಅಂಶ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಈ ಗಡ್ಡೆಗೆ ನಿಲ್ಲಿಸುವುದು ಗೊತ್ತಿಲ್ಲ. ಗ್ಲೂಕೋಸ್ 55ಕ್ಕಿಂತ (mg/dL) ಕೆಳಗೆ ಇದ್ದಾಗಲೂ ಇನ್ಸುಲಿನ್ 3 (µU/mL) ಅಥವಾ ಜಾಸ್ತಿ, ಸಿ-ಪೆಪ್ಟೈಡ್ 0.6 (ng/mL) ಅಥವಾ ಜಾಸ್ತಿ, ಕೀಟೋನ್ ಮಾತ್ರ ಕಡಿಮೆ ಅಂತ ಬಂದರೆ ದೇಹವೇ ಬೇಡದ ಹೊತ್ತಿನಲ್ಲಿ ಇನ್ಸುಲಿನ್ ಸುರಿಯುತ್ತಿದೆ ಅಂತ ಅರ್ಥ. ಸಿ-ಪೆಪ್ಟೈಡ್ ಯಾಕೆ ಅಂದರೆ, ದೇಹ ತಾನೇ ಇನ್ಸುಲಿನ್ ಮಾಡಿದಾಗ ಜೊತೆಗೆ ಅದೂ ಬರುತ್ತದೆ, ಇಂಜೆಕ್ಷನ್ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗಿದರೂ ಇದೇ ರಿಪೋರ್ಟ್ ಬರಬಹುದು, ಹಾಗಾಗಿ ಅದನ್ನೂ ಪರೀಕ್ಷೆ ಮಾಡುತ್ತಾರೆ. ನಮ್ಮನ್ನು ಅನುಮಾನಿಸುತ್ತಿದ್ದಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಮಾಡುತ್ತಾರೆ.

ರಕ್ತದಲ್ಲಿ ಸಾಬೀತಾದರೆ ಆಮೇಲೆ ಸ್ಕ್ಯಾನ್ ನಾರ್ಮಲ್ ಅಂದರೂ ಧೈರ್ಯವಾಗಿ ಹುಡುಕಬಹುದು. ಎಂಆರ್‌ಐ ಇದೆ. ನನ್ನದು ಸಿಕ್ಕಿದ್ದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ. ಬಾಯಿಯ ಮೂಲಕ ಟ್ಯೂಬ್ ಇಳಿಸಿ ಹೊಟ್ಟೆಯ ಒಳಗಿನಿಂದಲೇ ನೋಡುತ್ತಾರೆ, ಪ್ಯಾಂಕ್ರಿಯಾಸ್ ಜಠರದ ಹಿಂದೆಯೇ ಇರುವುದರಿಂದ ತುಂಬಾ ಹತ್ತಿರದಿಂದ ಕಾಣುತ್ತದೆ. ಕಡಲೆಕಾಳಿನಷ್ಟು ಗಾತ್ರದ ಕಪ್ಪು ಚುಕ್ಕೆಯನ್ನು ಡಾಕ್ಟರ್ ಪರದೆಯ ಮೇಲೆ ತೋರಿಸಿದರು. ಪ್ಯಾಂಕ್ರಿಯಾಸ್‌ನ ಬಾಲದ ಕಡೆ, ಅಂದರೆ ಅದರ ಎಡ ತುದಿಯಲ್ಲಿ ಇರುವ ಗಡ್ಡೆ ಇದರಲ್ಲೂ ಕೆಲವೊಮ್ಮೆ ಸಿಗುವುದಿಲ್ಲ. ಆಗ ಎಕ್ಸೆಂಡಿನ್ ಪೆಟ್ ಸ್ಕ್ಯಾನ್ ಒಳ್ಳೆಯದು, ಅದರಲ್ಲಿ ಈ ಗಡ್ಡೆಯ ಕಣಗಳಿಗೆ ಅಂಟುವ ಔಷಧಿ ಚುಚ್ಚಿ ಸ್ಕ್ಯಾನ್ ಮಾಡುತ್ತಾರೆ. ಈ ಜಾತಿಯ ಬೇರೆ ಗಡ್ಡೆಗಳಿಗೆ ಮಾಡುವ ಡೋಟಾಟೇಟ್ ಪೆಟ್ ಇನ್ಸುಲಿನೋಮಾವನ್ನು ಎಷ್ಟೋ ಸಲ ಹಿಡಿಯುವುದಿಲ್ಲ, ಅದು ನೆಗೆಟಿವ್ ಬಂದರೆ ಕಂಗಾಲಾಗಬೇಡಿ.

ಚಿಕಿತ್ಸೆ ಅಂದರೆ ಆಪರೇಷನ್ನೇ. ಗಡ್ಡೆ ಜೀರ್ಣರಸ ಹರಿಯುವ ಮುಖ್ಯ ನಾಳದಿಂದ ದೂರ ಇದ್ದರೆ ಅದನ್ನಷ್ಟೇ ಬಿಡಿಸಿ ತೆಗೆಯುತ್ತಾರೆ, ಪ್ಯಾಂಕ್ರಿಯಾಸ್ ಉಳಿಯುತ್ತದೆ. ನಾಳಕ್ಕೆ ಅಂಟಿಕೊಂಡಿದ್ದರೆ ಆ ಭಾಗವನ್ನೇ ತೆಗೆಯಬೇಕಾಗಬಹುದು. ಪ್ಯಾಂಕ್ರಿಯಾಸ್ ಆಪರೇಷನ್‌ಗಳನ್ನೇ ಜಾಸ್ತಿ ಮಾಡುವ ಸರ್ಜನ್ ಹತ್ತಿರ ಹೋಗಿ, ಆಪರೇಷನ್ ನಡುವೆ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರಾ ಅಂತ ಕೇಳಿ. ಗಡ್ಡೆ ಎಲ್ಲಿದೆ ಅಂತ ಗೊತ್ತಾಗದೆ ಅಂದಾಜಿನ ಮೇಲೆ ಬಾಲದ ಭಾಗ ಕತ್ತರಿಸೋಣ ಅಂದರೆ ದಯವಿಟ್ಟು ಒಪ್ಪಬೇಡಿ, ಇನ್ನೊಬ್ಬರ ಅಭಿಪ್ರಾಯ ಕೇಳಿ. ಆಪರೇಷನ್ ಆದ ಮೇಲೆ ಜೀರ್ಣರಸ ಸೋರುವುದು ಮುಖ್ಯ ತೊಂದರೆ, ಅದಕ್ಕೇ ಹೊಟ್ಟೆಯ ಪಕ್ಕದಲ್ಲಿ ಒಂದು ಟ್ಯೂಬ್ ಬಿಟ್ಟಿರುತ್ತಾರೆ. ನನಗೆ ಸೋರಿಕೆ ಆಯಿತು, ಟ್ಯೂಬ್ ಜೊತೆಗೇ ಮನೆಗೆ ಬಂದೆ, ತಾನಾಗಿಯೇ ಒಣಗಿತು. ಮೊದಲ ಕೆಲವು ದಿನ ಶುಗರ್ ಮೇಲೇರುತ್ತದೆ, ಇಷ್ಟು ಕಾಲ ಸುಮ್ಮನಿದ್ದ ಒಳ್ಳೆಯ ಕಣಗಳು ಮತ್ತೆ ಎಚ್ಚರಾಗಬೇಕಲ್ವಾ.

ಅಲ್ಲಿಯವರೆಗೆ ಅಕ್ಕನಿಗೆ ಸ್ವಲ್ಪ ಸ್ವಲ್ಪ, ಪದೇಪದೇ ತಿನ್ನಿಸಿ, ಮಲಗುವ ಮುಂಚೆ ತಪ್ಪಿಸಬೇಡಿ. ಗಾಡಿ ಓಡಿಸಲು ಬಿಡಬೇಡಿ. ಎಚ್ಚರ ತಪ್ಪಿದ್ದಾಗ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋದರೆ ಅಪಾಯ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಡಯಾಜಾಕ್ಸೈಡ್ ಮಾತ್ರೆ ಕೊಡಬಹುದು, ಅದು ಇನ್ಸುಲಿನ್ ಬಿಡುಗಡೆಯನ್ನು ತಡೆಯುತ್ತದೆ. ಕಾಲು ಊದಿಕೊಳ್ಳಬಹುದು, ಮೈಮೇಲೆ ಕೂದಲು ಜಾಸ್ತಿ ಬರಬಹುದು, ಹಾಗಾದರೆ ತಾವೇ ನಿಲ್ಲಿಸದೆ ಡಾಕ್ಟರಿಗೆ ತಿಳಿಸಲಿ.

ರಕ್ತದ ಕ್ಯಾಲ್ಸಿಯಂ ಕೂಡ ಒಮ್ಮೆ ನೋಡಿಸಿ. ಕೆಲವರಿಗೆ ಈ ಗಡ್ಡೆ ಮೆನ್-1 ಎಂಬ ವಂಶಪಾರಂಪರ್ಯ ಕಾಯಿಲೆಯ ಭಾಗವಾಗಿ ಬರುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕಲ್ಲೂ ಆಗಬಹುದು, ಗಡ್ಡೆ ಒಂದಕ್ಕಿಂತ ಜಾಸ್ತಿ ಇರಬಹುದು, ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಪದೇಪದೇ ಕಿಡ್ನಿ ಕಲ್ಲು ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಉಪವಾಸ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.