ವಿಡಿಬಿ ಎಂಬ ಹೆಸರನ್ನು ಕಾಯಂ ಮಾಡಲು ಹೋಗಬೇಡಿ

ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ನಡೆಸುವ ಇನ್ನೊಂದು ಕಂಪ್ಯೂಟರ್) ಹೇಗಿರಬೇಕೆಂದು ತಿಳಿಸುವ ಎಕ್ಸ್‌ಎಂಎಲ್ ಫೈಲಿನಲ್ಲಿ ವಿಡಿಬಿ ಎಂದು ಬರೆದರೂ ಮಷಿನ್ ಒಳಗೆ ಡಿಸ್ಕಿಗೆ ಬೇರೆ ಹೆಸರು ಬರುತ್ತದೆ, ಕಾಯಂ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಇದೇ ಹೆಸರನ್ನು ನಂಬಿ ನಾನು ಬಾಗಲಕೋಟೆಯ ಒಂದು ಪತ್ತಿನ ಸಂಘದ ಆರು ದಿನದ ಲೆಕ್ಕ ಅಳಿಸಿದವನು.

ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮಷಿನ್ ನಡೆಸುವ ವ್ಯವಸ್ಥೆ) ಮೇಲಿನ ಸರ್ವರ್. ವಿಡಿಎ ಓಎಸ್, ವಿಡಿಬಿ ಬ್ಯಾಕಪ್, ವಿಡಿಸಿ ಡೇಟಾ. ಪ್ರತಿ ಶನಿವಾರ ರಾತ್ರಿ ವಿಡಿಬಿಯನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ತುಂಬುವ ಸ್ಕ್ರಿಪ್ಟ್ ಬರೆದಿದ್ದೆ. ಒಂದು ಶನಿವಾರ ಸಂಜೆ, ಸಂಘ ಮುಚ್ಚಿದ ಮೇಲೆ, ದೊಡ್ಡ ಡಿಸ್ಕ್ ಹಚ್ಚೋಣವೆಂದು ಬ್ಯಾಕಪ್ ಡಿಸ್ಕ್ ತೆಗೆದು ರೀಬೂಟ್ ಮಾಡಿದೆ. ಮಷಿನ್ ಎದ್ದಿತು. ಹೊಸದನ್ನು ಸೋಮವಾರ ಹಚ್ಚಿದರಾಯಿತೆಂದು ಮನೆಗೆ ಹೋದೆ.

ಈ ಹೆಸರುಗಳನ್ನು ಕೊಡುವುದು ಮಷಿನ್ ಒಳಗಿನ ಕರ್ನಲ್ (ಓಎಸ್‌ನ ತಿರುಳು), ಡಿಸ್ಕ್ ಸಿಕ್ಕ ಸರದಿಯಲ್ಲಿ. ನಡುವಿನದು ಹೋದಾಗ ಡೇಟಾ ಡಿಸ್ಕೇ ವಿಡಿಬಿ ಆಯಿತು. ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಬಳಕೆಗೆ ಜೋಡಿಸಬೇಕು, ಎಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಅದನ್ನೂ ವಿಡಿಸಿ ಎಂದೇ ಬರೆದು ಪಕ್ಕದಲ್ಲಿ ನೋಫೇಲ್ ಹಾಕಿದ್ದೆ. ಹಾಗಾಗಿ ವಿಡಿಸಿ ಸಿಗದಿದ್ದರೂ ಬೂಟ್ ನಿಲ್ಲಲಿಲ್ಲ, ಡೇಟಾ ಮೌಂಟ್ ಆಗಿಲ್ಲವೆಂದು ನನಗೆ ಗೊತ್ತೇ ಆಗಲಿಲ್ಲ. ಮೌಂಟ್ ಆಗಿದ್ದರೆ ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಕಮಾಂಡ್ ಅದನ್ನು ಮುಟ್ಟುತ್ತಿರಲಿಲ್ಲ. ಮೌಂಟ್ ಇಲ್ಲದಿದ್ದರೂ, ಟರ್ಮಿನಲ್‌ನಲ್ಲಿ ಓಡಿಸಿದರೆ, ಹಳೆಯ ಫೈಲ್‌ಸಿಸ್ಟಮ್ ಕಂಡಾಗ 'ಮುಂದುವರಿಯಲೇ' ಎಂದು ಅದು ಕೇಳುತ್ತದೆ. ಆ ಪ್ರಶ್ನೆ ಬರಬಾರದೆಂದು ನಾನೇ ದೊಡ್ಡ ಎಫ್ ಆಯ್ಕೆ ಕೊಟ್ಟಿದ್ದೆ. ಕಾವಲಿಗಿದ್ದ ಎರಡನ್ನೂ ನನ್ನ ಕೈಯಾರೆ ತೆಗೆದಿದ್ದೆ.

ಸೋಮವಾರ ಬೆಳಿಗ್ಗೆ ಫೋನ್: "ಸರ್, ಒಂದೂ ಖಾತೆ ಕಾಣವಲ್ದ್ರಿ." ತೆಗೆದಿಟ್ಟ ಡಿಸ್ಕಿನಲ್ಲಿ ಹಿಂದಿನ ವಾರದ ಬ್ಯಾಕಪ್ ಇದ್ದದ್ದರಿಂದ ಉಳಿದೆವು. ಮಿಕ್ಕ ಆರು ದಿನವನ್ನು ವೋಚರ್ ನೋಡಿ ನಾನೂ ಅಲ್ಲಿನ ಗುಮಾಸ್ತರೂ ಮೂರು ರಾತ್ರಿ ಕೂತು ಮತ್ತೆ ಬರೆದೆವು.

ಆದ್ದರಿಂದ ಹೆಸರು ಕಾಯಂ ಮಾಡುವ ಆಸೆ ಬಿಡಿ. ಎಕ್ಸ್‌ಎಂಎಲ್‌ನ ಹೆಸರು ಸರದಿಯ ಸುಳಿವು ಮಾತ್ರ ಎಂದು ಆ ಎಕ್ಸ್‌ಎಂಎಲ್ ಓದುವ ಲಿಬ್‌ವರ್ಟ್ ಸಾಫ್ಟ್‌ವೇರಿನ ದಾಖಲೆಯೇ ಹೇಳುತ್ತದೆ. ಡಿಸ್ಕ್ ಜೋಡಿಸುವ ಬಗೆ, ಅಂದರೆ ಬಸ್, ವರ್ಟ್‌ಐಒ ಬ್ಲಾಕ್ ಆದರೆ ಹೆಸರಿನ ಆರಂಭ ವಿಡಿ, ಸ್ಕಸಿ ಅಥವಾ ಸಾಟಾ ಆದರೆ ಎಸ್‌ಡಿ, ಕೆವಿಎಂನಂಥದ್ದೇ ಆದ ಝೆನ್‌ನಲ್ಲಿ ಎಕ್ಸ್‌ವಿಡಿ: ಬಸ್ ಬದಲಿಸಿದರೆ ಹೆಸರೂ ಬದಲು. ಸ್ಕಸಿ ಡಿಸ್ಕುಗಳ ಸರದಿಯಂತೂ ಏನನ್ನೂ ತೆಗೆಯದಿದ್ದರೂ ಬೂಟ್‌ನಿಂದ ಬೂಟ್‌ಗೆ ಹಿಂದುಮುಂದಾಗಬಹುದು.

ಆಲಮಟ್ಟಿ ಹಿನ್ನೀರಿನಿಂದಾಗಿ ಬಾಗಲಕೋಟೆಯ ಹಳೇ ಊರಿನವರು ನವನಗರಕ್ಕೆ ಬಂದಾಗ ಮನೆ ನಂಬರ್ ಬದಲಾದವು, ಮನೆತನದ ಅಡ್ಡಹೆಸರು ಬದಲಾಗಲಿಲ್ಲ. ಯುಯುಐಡಿ (ಪ್ರತಿ ಫೈಲ್‌ಸಿಸ್ಟಮ್‌ಗೆ ಇರುವ ವಿಶಿಷ್ಟ ಗುರುತು) ಆ ಅಡ್ಡಹೆಸರಿನ ಹಾಗೆ, ಫೈಲ್‌ಸಿಸ್ಟಮ್‌ನಲ್ಲೇ ಬರೆದಿರುತ್ತದೆ. ಬಿಎಲ್‌ಕೆಐಡಿ ಕಮಾಂಡ್ ಕೊಟ್ಟರೆ ಕಾಣುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಅದನ್ನೇ ಬರೆಯಿರಿ. ಆದರೆ ಫಾರ್ಮ್ಯಾಟ್ ಮಾಡಿದರೆ ಯುಯುಐಡಿ ಹೊಸದಾಗುತ್ತದೆ. ನನ್ನಂತೆ ವಾರಕ್ಕೊಮ್ಮೆ ಅಳಿಸುವ ಡಿಸ್ಕ್ ಇದ್ದರೆ ಎಕ್ಸ್‌ಎಂಎಲ್‌ನಲ್ಲೇ ಡಿಸ್ಕಿಗೆ ಸೀರಿಯಲ್ (ನೀವೇ ಇಡುವ ಗುರುತು) ಕೊಡಿ, ವರ್ಟ್‌ಐಒಗೆ 20 ಅಕ್ಷರದ ಒಳಗೆ. ಮಷಿನ್ ಒಳಗಡೆ ಬೈ-ಐಡಿ ಫೋಲ್ಡರಿನಲ್ಲಿ ಡಿಸ್ಕ್ ಆ ಸೀರಿಯಲ್ ಇರುವ ಹೆಸರಲ್ಲೇ ಸಿಗುತ್ತದೆ. ಡಿಸ್ಕ್ ಇಲ್ಲದಿದ್ದರೆ ಎಂಕೆಎಫ್‌ಎಸ್ ಅಲ್ಲೇ ನಿಲ್ಲುತ್ತದೆ.

ಮತ್ತೆ, ಡೇಟಾ ಡಿಸ್ಕಿನ ಸಾಲಿನಲ್ಲಿ ನೋಫೇಲ್ ಇದ್ದರೆ ಇವತ್ತೇ ತೆಗೆಯಿರಿ. ಆ ಡಿಸ್ಕ್ ಸಿಗದ ದಿನ ಮಷಿನ್ ಏಳದೇ ನಿಲ್ಲಲಿ.