'ಶಿಕಾರಿ' ಓದಿ ಸಿಟ್ಟು ಬಂದಿದ್ದರೆ ಅದನ್ನೇ ಬರೆಯಿರಿ

ಎಂ.ಎ. ಕ್ಲಾಸಿಗೆ ಯಶವಂತ ಚಿತ್ತಾಲರ ಕಾದಂಬರಿ 'ಶಿಕಾರಿ' ಓದಿ ಉಸಿರು ಕಟ್ಟಿತು, ಅದರ ನಾಯಕ ನಾಗಪ್ಪನ ಮೇಲೆ ಸಿಟ್ಟೂ ಬಂತು, ವಿಮರ್ಶೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಬರೆಯಿರಿ. ಆದರೆ ಸುಮ್ನೆ 'ಇಷ್ಟವಾಗಲಿಲ್ಲ' ಅಂತ ನಿಲ್ಲಿಸಬೇಡಿ. ಯಾವ ಪುಟದಲ್ಲಿ ಸಿಟ್ಟು ಬಂತು? ಅಲ್ಲಿ ಅವನು ಏನು ಮಾಡುತ್ತಿದ್ದ? ಅದನ್ನು ಬಿಡಿಸಿ ಹೇಳಿ. ಕೆಲಸದಿಂದ ಅಮಾನತಾದವನು ಸುತ್ತಲಿನವರನ್ನೆಲ್ಲ ಅನುಮಾನಿಸುತ್ತಾನೆ. ಯಾರನ್ನು ನಂಬಬೇಕೋ ಓದುವ ನಮಗೂ ತಿಳಿಯುವುದಿಲ್ಲ. ನಿಮಗೆ ಉಸಿರು ಕಟ್ಟಿದ್ದು ಅದರಿಂದಲೇ ಇರಬಹುದು, ಅಲ್ವಾ?

ಇನ್ನೊಂದು ಮಾತು. ಉತ್ತರ ಕನ್ನಡದ ಹನೇಹಳ್ಳಿಯ ಚಿತ್ತಾಲರು ಮುಂಬೈನ ಕೆಮಿಕಲ್ ಉದ್ಯಮದಲ್ಲೇ ದುಡಿದವರು. ಕಾದಂಬರಿ ಬಂದದ್ದು 1979ರಲ್ಲಿ. ನೀವು ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿಯುವವರು. ಕಾದಂಬರಿಯ ಆ ಮುಂಬೈ ನಿಮ್ಮ ಮುಂಬೈಗೆ ಎಲ್ಲಿ ಹೋಲುತ್ತದೆ, ಎಲ್ಲಿ ಇಲ್ಲ ಅನ್ನುವುದನ್ನೂ ಸೇರಿಸಿ. ಕಥೆಯ ಸಾರಾಂಶಕ್ಕೆ ನಾಲ್ಕು ಸಾಲು ಸಾಕು.